ಮಾಷ್ಟ್ರಿಗೊಂದು ಪ್ರಶ್ನೆ: ಕೋಪಲ್ ಯಾವ ಊರಿನವರು?

ಕಳೆದ ತಿಂಗಳು ಚಂದ್ರನ ಗುಡ್ಡಗಳ ಬಗ್ಗೆ ಬರೆಯುವಾಗ ಒಂದು ಸಾಲು ಸೇರಿಸಿದ್ದೆ: 'ಝ್ದೆನೆಕ್ ಕೋಪಲ್ ಎಂಬ ಚೆಕ್ ಮೇಷ್ಟ್ರು ನೆರಳು ಅಳೆದೇ ಅಲ್ಲಿನ ಎತ್ತರಗಳನ್ನು ಲೆಕ್ಕ ಹಾಕಿಸಿದರು.' ಉಳಿದ ಒಂದೂವರೆ ಪುಟವನ್ನು ಯಾರೂ ಓದಿದ ಹಾಗೆ ಕಾಣುವುದಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೆಯೇ. ಹಾಗಾಗಿ ಈ ತಿಂಗಳು ಪೂರ್ತಿ ಕೋಪಲ್ ಅವರದ್ದು. ಸಕ್ಕರೆ ಕಾಯಿಲೆಗೆ ಯಾವ ಕಷಾಯ ಎಂದು ಕೇಳಿದ ಪೆರ್ಲದ ಓದುಗರು ಕ್ಷಮಿಸಬೇಕು. ನಾನು ಲೆಕ್ಕದ ಮಾಷ್ಟ್ರು, ವೈದ್ಯನಲ್ಲ.

ಪ್ರಶ್ನೆ: ಕೋಪಲ್ ಅಂದರೆ ನಮ್ಮ ಕೊಪ್ಪಳದ ಕಡೆಯವರಾ? ಹೆಸರು ನೋಡಿದರೆ ಹಾಗೇ ಅನಿಸುತ್ತದೆ. (ಓದುಗರೊಬ್ಬರು, ತಾಳವಾಡಿ)

ಉತ್ತರ: ನನಗೂ ಮೊದಲು ಹಾಗೇ ಅನಿಸಿತ್ತು, ನಾಚಿಕೆ ಪಡಬೇಡಿ. ನಾನು ಮಂಗಳೂರಿನಲ್ಲಿ ಓದುವಾಗ ಕಾಲೇಜಿನ ಲೈಬ್ರರಿಯಲ್ಲಿ ಅವರು ಬರೆದ ಲೆಕ್ಕದ ಒಂದು ದಪ್ಪ ಪುಸ್ತಕ ಇತ್ತು. ಸೂತ್ರದಲ್ಲಿ ನೇರ ಉತ್ತರ ಸಿಗದ ಲೆಕ್ಕಗಳನ್ನು ಅಂಕಿಗಳಿಂದಲೇ ಹತ್ತಿರ ಹತ್ತಿರ ಬಿಡಿಸುತ್ತಾ ಹೋಗುವುದು ಹೇಗೆ ಎನ್ನುವ ಪುಸ್ತಕ. ಬೆನ್ನಿನ ಮೇಲೆ 'ಕೋಪಲ್' ಎಂದಷ್ಟೇ ಇತ್ತು. ಪರವಾಗಿಲ್ಲ, ನಮ್ಮ ಉತ್ತರ ಕರ್ನಾಟಕದವರೊಬ್ಬರು ಇಂಥದ್ದೂ ಬರೆದಿದ್ದಾರಲ್ಲ ಎಂದು ಒಂದು ವಾರ ಹೆಮ್ಮೆಪಟ್ಟೆ. ಮುನ್ನುಡಿ ಓದಿದ ಮೇಲೆ ಹೆಮ್ಮೆ ಇಳಿಯಿತು.

ಅವರು ಹುಟ್ಟಿದ್ದು 1914ರ ಏಪ್ರಿಲ್ 4ರಂದು, ಲಿಟೊಮಿಶಲ್ ಎಂಬ ಸಣ್ಣ ಪೇಟೆಯಲ್ಲಿ. ಇಂದಿನ ಚೆಕ್ ದೇಶದ ಪೂರ್ವ ಬೊಹೆಮಿಯ ಭಾಗ. ಆಗ ಅದು ಆಸ್ಟ್ರಿಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಹುಡುಗನಿಗೆ ನಾಲ್ಕು ವರ್ಷ ಆಗುವಷ್ಟರಲ್ಲಿ ಯುದ್ಧ ಮುಗಿದು ಚೆಕೊಸ್ಲೊವಾಕಿಯ ಎಂಬ ಹೊಸ ದೇಶವೇ ಹುಟ್ಟಿತು. ಮನೆ ಅಲ್ಲೇ ಇದ್ದು ರಾಜ್ಯ ಬದಲಾಗುವುದು ಅಂದರೆ ಏನೆಂದು ನಮ್ಮ ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಅಜ್ಜ ಇದ್ದ ಮನೆಯಲ್ಲೇ ಇದ್ದುಕೊಂಡು ಮದರಾಸಿನಿಂದ ಕೇರಳಕ್ಕೆ ಹೋದವರು.

ಪ್ರಾಗ್ ನಗರದ ಪೆಟ್ರಿನ್ ಗುಡ್ಡದ ಮೇಲೆ 1928ರಲ್ಲಿ ಜನಸಾಮಾನ್ಯರಿಗಾಗಿ ನಕ್ಷತ್ರ ನೋಡುವ ಒಂದು ವೀಕ್ಷಣಾಲಯ ತೆರೆಯಿತು. ದುಡ್ಡಿದ್ದವರು, ಡಿಗ್ರಿ ಇದ್ದವರು ಮಾತ್ರ ಬರಬೇಕು ಎಂದೇನೂ ಇರಲಿಲ್ಲ. ಕೋಪಲ್ ಆಗ ಶಾಲಾ ಹುಡುಗ. ಅಲ್ಲಿಗೆ ಹೋಗಿ ಹೋಗಿ, ಬೆಳಕು ಹೆಚ್ಚು ಕಡಿಮೆ ಆಗುವ ನಕ್ಷತ್ರಗಳನ್ನು ನೋಡಿ ಬರೆದಿಡುವ ಹುಚ್ಚು ಹಿಡಿಸಿಕೊಂಡ. ಆ ಹುಚ್ಚು ಕೊನೆಯವರೆಗೂ ಬಿಡಲಿಲ್ಲ. 1937ರಲ್ಲಿ ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಆಯಿತು. 1938ರಲ್ಲಿ ಕೇಂಬ್ರಿಜ್, ಅಲ್ಲಿಂದ ಅಮೆರಿಕದ ಹಾರ್ವರ್ಡ್. ಸ್ವಲ್ಪ ದಿನ ಕಲಿತು ವಾಪಸ್ ಬರುವ ಎಂದು ಹೋದವರ ಹಿಂದೆ ಬಾಗಿಲು ಮುಚ್ಚಿತು. 1939ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯ ಪ್ರಾಗ್‌ಗೆ ಬಂತು, ನವೆಂಬರಿನಲ್ಲಿ ಚೆಕ್ ವಿಶ್ವವಿದ್ಯಾಲಯಗಳಿಗೆಲ್ಲ ಬೀಗ ಬಿತ್ತು. ಯುದ್ಧದ ಕಾಲದಲ್ಲಿ ಅಮೆರಿಕದಲ್ಲೇ, ಎಂಐಟಿ ಎಂಬ ತಾಂತ್ರಿಕ ವಿದ್ಯಾಲಯದಲ್ಲಿ ಲೆಕ್ಕದ ಕೆಲಸ. 1948ರಲ್ಲಿ ಊರಿನಲ್ಲಿ ಕಮ್ಯುನಿಸ್ಟರ ಆಡಳಿತ ಬಂದ ಮೇಲೆ ಹಿಂದೆ ಹೋಗುವ ಮಾತೂ ಮುಗಿಯಿತು. 1951ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಖಗೋಳವಿಜ್ಞಾನದ ಪ್ರೊಫೆಸರ್ ಆಗಿ ಬಂದರು. ಮೂವತ್ತು ವರ್ಷ, 1981ರವರೆಗೆ, ಅಲ್ಲೇ ಪಾಠ. 1993ರ ಜೂನಿನಲ್ಲಿ ತೀರಿಕೊಂಡರು. 2628ನೇ ಕ್ಷುದ್ರಗ್ರಹಕ್ಕೆ ಕೋಪಲ್ ಎಂದು ಹೆಸರಿದೆ. ಕೊಪ್ಪಳದವರು ಬೇಕಾದರೆ ಅದರಲ್ಲಿ ಪಾಲು ಕೇಳಬಹುದು, ನನ್ನ ಆಕ್ಷೇಪ ಇಲ್ಲ.

ಪ್ರಶ್ನೆ: ಅವರು ಕಂಡುಹಿಡಿದದ್ದು ಏನು? ಒಂದು ಸಾಲಿನಲ್ಲಿ ಹೇಳಿ. (ವಿದ್ಯಾರ್ಥಿನಿ, ಬದಿಯಡ್ಕ)

ಉತ್ತರ: ಒಂದು ಸಾಲಿನಲ್ಲಿ ಆಗುವುದಿಲ್ಲ ಮಗಳೇ. ಒಂದು ಸಾಲು ಬರೆದು ಪಟ್ಟ ಪಾಡು ಮೇಲೆ ನೋಡಿದಿಯಲ್ಲ.

ಆಕಾಶದಲ್ಲಿ ಒಂಟಿಯಾಗಿ ಕಾಣುವ ಎಷ್ಟೋ ನಕ್ಷತ್ರಗಳು ನಿಜಕ್ಕೂ ಜೋಡಿ. ಒಂದರ ಸುತ್ತ ಇನ್ನೊಂದು ತಿರುಗುತ್ತಿರುತ್ತದೆ. ಪಾರ್ಥ ಪುಂಜದಲ್ಲಿ, ಅಂದರೆ ಪರ್ಸಿಯಸ್‌ನಲ್ಲಿ, ಆಲ್ಗಾಲ್ ಎಂಬ ನಕ್ಷತ್ರ ಇದೆ. ಅದು 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗುತ್ತದೆ. ಯಾಕೆ? ಜೋಡಿಯಲ್ಲಿ ಮಂಕಾದದ್ದು ಪ್ರಕಾಶದ್ದಕ್ಕೆ ಅಡ್ಡ ಬರುತ್ತದೆ. ಗ್ರಹಣವೇ ಅದು. ಇದನ್ನು 1783ರಲ್ಲಿ ಮೊದಲು ಊಹಿಸಿದವನು ಇಂಗ್ಲೆಂಡಿನ ಜಾನ್ ಗುಡ್ರಿಕ್. ಕಿವಿ ಕೇಳದ ಹುಡುಗ, ಆಗ ಹದಿನೆಂಟು ವರ್ಷ. ಇಪ್ಪತ್ತೊಂದಕ್ಕೇ ತೀರಿಕೊಂಡ.

ಆಲ್ಗಾಲ್ ಅರಬ್ಬಿ ಹೆಸರು. ದುಬೈಯಲ್ಲಿ ಇಪ್ಪತ್ತು ವರ್ಷ ಇದ್ದು ಬಂದ ನಮ್ಮ ನೆರೆಮನೆಯವರನ್ನು ಕೇಳಿದೆ. 'ಗೂಲ್ ಅಂದರೆ ಭೂತ ಮಾಷೇ' ಎಂದರು. ನಮ್ಮ ಕಡೆಯ ಭೂತ ಅಲ್ಲ ಮತ್ತೆ! ನಮ್ಮದು ಕೋಲ ಕೊಟ್ಟು, ಕೈಮುಗಿದು, ಜಾಗದ ತಕರಾರು ಕೂಡ ಒಪ್ಪಿಸುವ ದೈವ. ಅದು ಹೆದರಿಸುವ ಜಾತಿಯದ್ದು.

ಈಗ ಕೋಪಲ್ ಬರುತ್ತಾರೆ. ಆಲ್ಗಾಲ್‌ನ ಜೋಡಿಯಲ್ಲಿ ಒಂದು ವಿಚಿತ್ರ ಇತ್ತು. ಒಂದು ನಕ್ಷತ್ರದ ತೂಕ ಸೂರ್ಯನ ಮೂರು ಪಟ್ಟಿಗಿಂತ ಜಾಸ್ತಿ. ಇನ್ನೊಂದರದ್ದು ಸೂರ್ಯನಿಗಿಂತಲೂ ಕಡಿಮೆ. ತೂಕದ ನಕ್ಷತ್ರ ಬೇಗ ಉರಿದು ಬೇಗ ಮುದಿಯಾಗಬೇಕು, ಅದು ನಿಯಮ. ದೊಡ್ಡ ಒಲೆಗೆ ಕಟ್ಟಿಗೆ ಬೇಗ ಮುಗಿಯುವುದಿಲ್ಲವೇ, ಹಾಗೆ. ಆದರೆ ಇಲ್ಲಿ ಉಬ್ಬಿ ಮುದಿಯಾಗಿರುವುದು ಕಡಿಮೆ ತೂಕದ್ದು! ದೊಡ್ಡದು ಇನ್ನೂ ಎಳೆಯದಾಗೇ ಇದೆ. ಅಣ್ಣನ ಕೂದಲು ಕಪ್ಪು, ಒಟ್ಟಿಗೆ ಹುಟ್ಟಿದ ತಮ್ಮನದ್ದು ಪೂರ್ತಿ ನರೆತಿದೆ ಎಂದ ಹಾಗೆ.

ಮಳೆಗಾಲ ಮುಗಿದ ಮೇಲೆ ನಮ್ಮ ತೋಡಿಗೆ ಕಟ್ಟ ಕಟ್ಟುತ್ತೇವಲ್ಲ, ಅದನ್ನು ನೆನಪು ಮಾಡಿಕೋ. ಕಟ್ಟದ ಆಚೆಗೊಂದು ಗುಂಡಿ ನೀರು, ಈಚೆಗೊಂದು. ಒಂದು ಕಡೆ ನೀರು ಏರಿದರೂ ಸ್ವಲ್ಪ ಹೊತ್ತು ಅದರ ಪಾಡಿಗೆ ಅದಿರುತ್ತದೆ. ಕಟ್ಟದ ತಗ್ಗಾದ ಜಾಗದ ಮಟ್ಟ ಮುಟ್ಟಿತೋ, ಅಲ್ಲಿಂದ ಆಚೆಗೆ ಹರಿಯಲು ಶುರು. ಜೋಡಿ ನಕ್ಷತ್ರಗಳ ಸುತ್ತಲೂ ಕಣ್ಣಿಗೆ ಕಾಣದ ಇಂಥ ಮಟ್ಟ ಇದೆ. ಎರಡರ ಸೆಳೆತ ಮತ್ತು ತಿರುಗುವ ವೇಗ ಸೇರಿ ಆಗುವ ಮಟ್ಟ ಅದು. ಇದರ ಲೆಕ್ಕ ಹಾಕಿದ್ದು ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಗಣಿತಜ್ಞ ರೋಶ್. ಅವರ ಹೆಸರನ್ನು ಆ ಮಟ್ಟಕ್ಕೆ ಇಟ್ಟು, ಅದನ್ನು ಜೋಡಿ ನಕ್ಷತ್ರಗಳಿಗೆ ಅಳತೆಗೋಲು ಮಾಡಿದವರು ಕೋಪಲ್.

1955ರಲ್ಲಿ ಅವರು ಜೋಡಿಗಳನ್ನು ಮೂರು ಬಗೆ ಮಾಡಿದರು. ಎರಡೂ ತಮ್ಮ ಮಟ್ಟದ ಒಳಗೇ ಇರುವ ಬಿಡಿ ಜೋಡಿ. ಒಂದು ಮಾತ್ರ ಕಟ್ಟದ ಅಂಚಿನವರೆಗೆ ತುಂಬಿರುವ ಅರೆಬಿಡಿ ಜೋಡಿ. ಎರಡೂ ತುಂಬಿ ಮೈ ಮುಟ್ಟಿಸಿಕೊಂಡಿರುವ ಅಂಟು ಜೋಡಿ. ಆಲ್ಗಾಲ್ ಎರಡನೆಯದು. ಅದರಲ್ಲಿ ಆ ಮುದಿ ತಮ್ಮ ಸರಿಯಾಗಿ ಅಂಚಿನವರೆಗೆ ತುಂಬಿಕೊಂಡಿದ್ದಾನೆ, ಅಲ್ಪಸ್ವಲ್ಪ ಹೆಚ್ಚು ಕಡಿಮೆ ಅಲ್ಲ. ಅಂಥ ಜೋಡಿಗಳಲ್ಲೆಲ್ಲ ಹೀಗೇ ಇದ್ದರೆ ಅದು ಆಕಸ್ಮಿಕ ಆಗಲು ಸಾಧ್ಯವಿಲ್ಲ, ಅಲ್ವಾ? ಹಾಗಾದರೆ ಮೊದಲು ಅವನೇ ತೂಕದವನಾಗಿದ್ದ. ಉಬ್ಬಿದ, ಅಂಚು ಮುಟ್ಟಿದ, ಅವನ ಸಾಮಾನೆಲ್ಲ ಹರಿದು ಅಣ್ಣನ ಕಡೆಗೆ ಹೋಯಿತು. ಈಗ ಅಣ್ಣ ಎಂದು ನಾವು ಕರೆಯುವವನು ನಿಜಕ್ಕೂ ತಮ್ಮ. ಆಸ್ತಿ ಮಾತ್ರ ಕೈ ಬದಲಾಗಿದೆ. ಈ ಹರಿವಿನ ಲೆಕ್ಕವನ್ನು 1960ರ ದಶಕದಲ್ಲಿ ಹಲವರು ಮುಂದುವರಿಸಿದರು. ಅವರಲ್ಲಿ ಒಬ್ಬರು ಚೆಕ್ ದೇಶದ ಒಂದ್ರೆಯೊವ್ ವೀಕ್ಷಣಾಲಯದ ಮಿರೋಸ್ಲಾವ್ ಪ್ಲಾವೆಟ್ಸ್.

ಪ್ರಶ್ನೆ: ಜಾತಕದಲ್ಲಿ ಆಲ್ಗಾಲ್ ಇದ್ದರೆ ಮದುವೆಗೆ ಅಡ್ಡಿಯೇ? (ಹೆಸರು ಬೇಡ ಎಂದವರು, ಹೊಸಂಗಡಿ)

ಉತ್ತರ: ಹುಡುಗ ರಾತ್ರಿಯಿಡೀ ಅಂಗಳದಲ್ಲಿ ಕೂತು ಅದನ್ನೇ ನೋಡುತ್ತಿದ್ದರೆ ಅಡ್ಡಿ.

ಪ್ರಶ್ನೆ: ನಾಸಾದವರಿಗೆ ಚಂದ್ರನ ನಕ್ಷೆ ಮಾಡಿಕೊಟ್ಟದ್ದು ಇವರೇ ಎಂದು ಕೇಳಿದ್ದೇನೆ. ನೆರಳಿನಿಂದ ಎತ್ತರ ಹೇಗೆ ಗೊತ್ತಾಗುತ್ತದೆ? (ಕೃಷಿಕರು, ಅಡೂರು)

ಉತ್ತರ: ಇವರೊಬ್ಬರೇ ಅಲ್ಲ. ಬೇರೆ ಗುಂಪುಗಳೂ ಇದ್ದವು. ಅಮೆರಿಕದ ವಾಯುಸೇನೆ ಚಂದ್ರನ ನಕ್ಷೆ ತಯಾರಿಸುತ್ತಿತ್ತು. ಅದಕ್ಕೆ ಬೇಕಾದ ಎತ್ತರಗಳಿಗಾಗಿ ಕೋಪಲ್ ಅವರ ಮ್ಯಾಂಚೆಸ್ಟರ್ ತಂಡ 1950ರ ದಶಕದ ಕೊನೆಯಿಂದ ಚಂದ್ರನ ಫೋಟೊ ತೆಗೆಯಲು ಹೊರಟಿತು. ಮ್ಯಾಂಚೆಸ್ಟರಿನ ಮೋಡ, ಹೊಗೆಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಫ್ರಾನ್ಸಿನ ಪಿರನೀಸ್ ಬೆಟ್ಟಗಳಲ್ಲಿ 2877 ಮೀಟರ್ ಎತ್ತರದ ಪಿಕ್ ದು ಮಿಡಿ ಶಿಖರಕ್ಕೆ ಹೋದರು.

ನೀವು ಕೃಷಿಕರು, ಕಂಗಿನ ತೋಟ ಇದ್ದೇ ಇರುತ್ತದೆ. ಕಂಗಿನ ಮರದ ಎತ್ತರ ಹತ್ತದೆ ಅಳೆಯಬೇಕಾದರೆ ಏನು ಮಾಡುತ್ತೀರಿ? ಒಂದು ಕೋಲು ನೆಟ್ಟು, ಕೋಲಿನ ನೆರಳು ಕೋಲಿನಷ್ಟೇ ಉದ್ದ ಆಗುವ ಹೊತ್ತಿಗೆ ಕಾಯಿರಿ. ಆಗ ಸೂರ್ಯ 45 ಡಿಗ್ರಿಯಲ್ಲಿ ಇರುತ್ತಾನೆ. ಆ ಕ್ಷಣ ಮರದ ನೆರಳನ್ನು ಹಗ್ಗದಲ್ಲಿ ಅಳೆದರೆ ಅದೇ ಮರದ ಎತ್ತರ. ಸೂರ್ಯ ಇನ್ನೂ ಕೆಳಗಿದ್ದರೆ ನೆರಳು ಉದ್ದ, ಆದರೆ ಲೆಕ್ಕ ಅದೇ.

ಚಂದ್ರನಲ್ಲಿ ಇದೇ ಕೆಲಸ. ಬೆಳಕು ಮತ್ತು ಕತ್ತಲೆಯ ಗೆರೆಯ ಹತ್ತಿರ ಸೂರ್ಯ ಆಗಷ್ಟೇ ಮೂಡುತ್ತಿರುತ್ತಾನೆ. ಸೂರ್ಯ ಒಂದೇ ಡಿಗ್ರಿ ಏರಿದ್ದಾಗ ಬರೇ 100 ಮೀಟರಿನ ಗುಡ್ಡಕ್ಕೆ ಸುಮಾರು 5.7 ಕಿಲೋಮೀಟರ್ ನೆರಳು! ನೂರು ಮೀಟರಿನ ಗುಡ್ಡ ಇಲ್ಲಿಂದ ದೂರದರ್ಶಕದಲ್ಲೂ ಕಾಣುವುದಿಲ್ಲ. ಆದರೆ ಆರು ಕಿಲೋಮೀಟರಿನ ಕಪ್ಪು ಗೆರೆ ಕಾಣುತ್ತದೆ. ಗುಡ್ಡವೇ ಕಾಣದೆ ಗುಡ್ಡ ಅಳೆದ ಹಾಗಾಯಿತು. ಮತ್ತೆ ಅಲ್ಲಿ ಸೂರ್ಯ ಏರುವುದು ಬಹಳ ನಿಧಾನ, ಎರಡು ಗಂಟೆಗೆ ಒಂದು ಡಿಗ್ರಿ. ಹಾಗಾಗಿ ಒಂದೇ ರಾತ್ರಿ ಬೇರೆ ಬೇರೆ ಹೊತ್ತಿಗೆ ಫೋಟೊ ತೆಗೆದರೆ ನೆರಳು ಗಿಡ್ಡ ಆಗುತ್ತಾ ಬರುವುದು ಸಿಗುತ್ತದೆ. ಇಳಿಜಾರು ಹೇಗಿದೆ ಎಂದೂ ಅದರಿಂದ ಗೊತ್ತಾಗುತ್ತದೆ. ಮನುಷ್ಯರನ್ನು ಇಳಿಸುವವರಿಗೆ ಬೇಕಾದದ್ದು ಅದೇ. ಕೂದಲೆಳೆಯಷ್ಟು ನೆರಳುಗಳನ್ನು ಅಳೆಯುತ್ತಾ ವರ್ಷಗಟ್ಟಲೆ ಕೂರುವುದು ಬೇಜಾರಿನ ಕೆಲಸ, ಯಾರೂ ಕಥೆ ಮಾಡಿ ಹೇಳುವುದಿಲ್ಲ. 1969ರಲ್ಲಿ ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದನ್ನು ಮಾತ್ರ ಎಲ್ಲರೂ ಹೇಳುತ್ತಾರೆ.

ಪ್ರಶ್ನೆ: ಕೋಪಲ್ ಓದಿದ್ದು ಯಾವ ಭಾಷೆಯಲ್ಲಿ? ನಮ್ಮ ಮಗಳನ್ನು ಕನ್ನಡ ಮಾಧ್ಯಮಕ್ಕೆ ಹಾಕಿದ್ದೇವೆ. ನೆಂಟರೆಲ್ಲ ಬೈಯುತ್ತಿದ್ದಾರೆ. (ತಾಯಿ, ನೀರ್ಚಾಲು)

ಉತ್ತರ: ಚೆಕ್ ಭಾಷೆಯಲ್ಲಿ. ಅದನ್ನು ಮಾತಾಡುವವರು ಇಂದಿಗೂ ಸುಮಾರು ಒಂದು ಕೋಟಿ ಜನ, ಕನ್ನಡಿಗರಿಗಿಂತ ಎಷ್ಟೋ ಕಡಿಮೆ. ಪ್ರಾಗ್ ವಿಶ್ವವಿದ್ಯಾಲಯದಲ್ಲಿ ಮೊದಲು ಜರ್ಮನ್ ಭಾಷೆಯದ್ದೇ ಜೋರು. ಜಗಳ ಎಷ್ಟು ದೂರ ಹೋಯಿತೆಂದರೆ 1882ರಲ್ಲಿ ವಿಶ್ವವಿದ್ಯಾಲಯವನ್ನೇ ಇಬ್ಭಾಗ ಮಾಡಿ ಚೆಕ್‌ಗೆ ಒಂದು, ಜರ್ಮನ್‌ಗೆ ಒಂದು ಎಂದು ಮಾಡಿದರು. ಕೋಪಲ್ ಕಲಿತದ್ದು ಚೆಕ್ ಕಡೆಯದರಲ್ಲಿ. ಆಮೇಲೆ ಅವರು ಜಾಸ್ತಿ ಬರೆದದ್ದು ಇಂಗ್ಲಿಷಿನಲ್ಲಿ, ಅದನ್ನೂ ಹೇಳಿಬಿಡುತ್ತೇನೆ. ಅರ್ಧ ಮಾತ್ರ ಹೇಳಿದರೆ ನಿಮ್ಮ ನೆಂಟರು ನನ್ನನ್ನು ಹಿಡಿಯುತ್ತಾರೆ.

ಚೆಕ್‌ನಲ್ಲಿ ಕಾಫಿ ಅಂಗಡಿಗೆ 'ಕಾವಾರ್ನಾ' ಎನ್ನುತ್ತಾರೆ, ಬ್ರೆಡ್ಡು ಬೇಯಿಸುವ ಜಾಗಕ್ಕೆ 'ಪೆಕಾರ್ನಾ'. 'ಹ್ವೆಜ್ದಾ' ಅಂದರೆ ನಕ್ಷತ್ರ. ವೀಕ್ಷಣಾಲಯಕ್ಕೆ ಅವರ ಶಬ್ದ 'ಹ್ವೆಜ್ದಾರ್ನಾ'. ಸುಮ್ನೆ ನಕ್ಷತ್ರದಂಗಡಿ ಎಂದ ಹಾಗೆ! ಆರು ವರ್ಷದ ಮಗುವಿಗೂ ಅರ್ಥ ಆಗುತ್ತದೆ. ನಮ್ಮ ಪಠ್ಯಪುಸ್ತಕದಲ್ಲಿ 'ಖಗೋಳ ವೀಕ್ಷಣಾಲಯ' ಎಂದು ಬರೆದಾಗ ಏಳನೆಯ ತರಗತಿಯ ಹುಡುಗನೊಬ್ಬ 'ಅದು ಯಾವ ಇಲಾಖೆ ಸಾರ್?' ಎಂದು ಕೇಳಿದ್ದ. ಮಗಳು ಕನ್ನಡದಲ್ಲೇ ಓದಲಿ. ಜೊತೆಗೆ ಮನೆಯಲ್ಲಿ ಇಂಗ್ಲಿಷ್ ಕಥೆಪುಸ್ತಕವೂ ಇರಲಿ. ನೀರ್ಚಾಲಿನ ಮಕ್ಕಳಿಗೆ ತುಳು, ಮಲಯಾಳ ಹೇಗೂ ಬಾಯಿಗೆ ಬಂದೇ ಇರುತ್ತದೆ. ಇನ್ನೊಂದು ಭಾಷೆಗೆ ಹೆದರುವ ಜಾತಿ ನಮ್ಮದಲ್ಲ.

ಪ್ರಶ್ನೆ: ಮಗನಿಗೆ ಟೆಲಿಸ್ಕೋಪ್ ಬೇಕಂತೆ. ಎಷ್ಟು ಸಾವಿರದ್ದು ತೆಗೆಯಲಿ? (ತಂದೆ, ಮಡಕಶಿರಾ)

ಉತ್ತರ: ಈಗಲೇ ಬೇಡ. ನಾನು ಕೆಲಸ ಮಾಡಿದ ಒಂದು ಶಾಲೆಗೆ ಒಳ್ಳೆಯ ಟೆಲಿಸ್ಕೋಪ್ ಬಂದಿತ್ತು. ಹಾಳಾದೀತು ಎಂದು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಒಬ್ಬರ ಹತ್ತಿರ, ಅವರು ರಜೆಯಲ್ಲಿ. ನಾಲ್ಕು ಮಳೆಗಾಲ ಕಳೆದು ತೆರೆದಾಗ ಗಾಜಿನ ಮೇಲೆ ಬೂಸ್ಟು ಹೂವಿನ ರಂಗೋಲಿ ಬಿಡಿಸಿತ್ತು. ಯಾರೂ ಮುಟ್ಟದೆಯೇ ಹಾಳಾಯಿತು. ಮೊದಲು ಒಂದು ನೋಟ್‌ಬುಕ್ ಕೊಡಿಸಿ. ಆರು ತಿಂಗಳು ಅದರಲ್ಲಿ ಬರೆದರೆ ಆಮೇಲೆ ಬೈನಾಕ್ಯುಲರ್. ಆಮೇಲೆ ನೋಡುವ.

ಪ್ರಶ್ನೆ: ಬರೀ ಕಣ್ಣಿಂದ ಆಲ್ಗಾಲ್ ಮಂಕಾಗುವುದನ್ನು ನೋಡಬಹುದೇ? ನಮ್ಮದು ಹೊಸೂರು, ಬೀದಿದೀಪ ಜಾಸ್ತಿ. (ಓದುಗರೊಬ್ಬರು)

ಉತ್ತರ: ನೋಡಬಹುದು. ತೀರಾ ಮಂಕಾದಾಗ ಹೊಸೂರಿನಲ್ಲಿ ಸ್ವಲ್ಪ ಕಷ್ಟ, ತಾರಸಿಯಲ್ಲಿ ದೀಪಕ್ಕೆ ಬೆನ್ನು ಹಾಕಿ ನಿಲ್ಲಿ. ಆದರೆ ನಾನು ಮಾಡಿದ ಎಡವಟ್ಟು ಮೊದಲು ಕೇಳಿ.

1990ರ ದಶಕದ ಒಂದು ಡಿಸೆಂಬರ್. ಇಂಗ್ಲಿಷ್ ಪಂಚಾಂಗ ಒಂದರಲ್ಲಿ ಶನಿವಾರ 21 ಗಂಟೆಗೆ ಆಲ್ಗಾಲ್ ಅತಿ ಮಂಕು ಎಂದಿತ್ತು. ರಾತ್ರಿ ಒಂಬತ್ತು, ಚೆನ್ನಾಯಿತು ಎಂದುಕೊಂಡೆ. ಶಾಲೆಯಲ್ಲಿ ಹೇಳಿದೆ. ಹದಿನಾಲ್ಕು ಮಕ್ಕಳು, ಅವರ ಅಪ್ಪ ಅಮ್ಮ, ಒಬ್ಬರ ಅಜ್ಜಿ, ಎಲ್ಲ ನಮ್ಮ ಅಡಿಕೆ ಒಣಗುವ ಅಂಗಳಕ್ಕೆ ಬಂದರು. ಹೆಂಡತಿ ಒಂದು ಹಂಡೆ ಕಾಫಿ ಮಾಡಿದಳು. ಒಂಬತ್ತಾಯಿತು. ಆಲ್ಗಾಲ್ ಫಳಫಳ ಹೊಳೆಯುತ್ತಿತ್ತು. ಒಂಬತ್ತೂವರೆ, ಹಾಗೇ. ಹತ್ತು, ಹಾಗೇ. ಸೊಳ್ಳೆ ಮಾತ್ರ ಹೇಳಿದ ಸಮಯಕ್ಕೆ ಬಂದಿತ್ತು. 'ಮಾಷ್ಟ್ರ ನಕ್ಷತ್ರಕ್ಕೆ ಇವತ್ತು ರಜೆ' ಎಂದು ಅಜ್ಜಿ ಎದ್ದರು. ಎಲ್ಲರೂ ಹೋದರು.

ಪಂಚಾಂಗದ 21 ಗಂಟೆ ಇಂಗ್ಲೆಂಡಿನ ಗ್ರೀನಿಚ್‌ನದ್ದು. ನಮಗೆ ಅದು ಭಾನುವಾರ ಬೆಳಗಿನ ಜಾವ ಎರಡೂವರೆ. ಗ್ರಹಣ ಶುರುವಿನಿಂದ ಕೊನೆಯವರೆಗೆ ಸುಮಾರು ಹತ್ತು ಗಂಟೆ. ಅಂದರೆ ಜನ ಎದ್ದು ಹೋಗುವ ಹೊತ್ತಿಗೆ ಅದು ಆಗಷ್ಟೇ ಶುರುವಾಗುತ್ತಿತ್ತು. ಲೆಕ್ಕದ ಮಾಷ್ಟ್ರು ಐದೂವರೆ ಗಂಟೆ ಕೂಡಿಸಲು ಮರೆತದ್ದು!

ಸೋಮವಾರ ಕ್ಲಾಸಿನಲ್ಲಿ ತಪ್ಪೊಪ್ಪಿಕೊಂಡು, ಮುಂದಿನದ್ದು ಯಾವಾಗ ಎಂದು ಬೋರ್ಡಿನ ಮೇಲೆ ಮಕ್ಕಳಿಂದಲೇ ಲೆಕ್ಕ ಮಾಡಿಸಿದೆ. 2 ದಿನ 20 ಗಂಟೆ 49 ನಿಮಿಷ ಕೂಡಿಸಿದರೆ ಮಂಗಳವಾರ ರಾತ್ರಿ 11.19. ಇನ್ನೊಮ್ಮೆ ಕೂಡಿಸಿದರೆ ಶುಕ್ರವಾರ ರಾತ್ರಿ 8.08. ಶುಕ್ರವಾರ ಬಂದದ್ದು ಒಬ್ಬಳೇ ಹುಡುಗಿ, ತಮ್ಮನನ್ನು ಕಾವಲಿಗೆ ಕರೆದುಕೊಂಡು. ತ್ರಿಕೋಣ ಪುಂಜದ ಚೂಪು ತುದಿಯ ನಕ್ಷತ್ರ, ಆಂಡ್ರೊಮಿಡದ ಅಲ್ಮಾಕ್, ಇವೆರಡನ್ನು ಹೋಲಿಕೆಗೆ ತೋರಿಸಿದೆ. ಅವಳು ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಟ್‌ಬುಕ್ಕಿನಲ್ಲಿ ಬರೆದಳು. 8.15: ತ್ರಿಕೋಣದ್ದರಷ್ಟೇ. 9.30: ಅದಕ್ಕಿಂತ ಸ್ವಲ್ಪ ಜಾಸ್ತಿ. 11: ಅಲ್ಮಾಕ್‌ಗಿಂತ ಇನ್ನೂ ಚೂರು ಕಡಿಮೆ. ತಮ್ಮ ಅಡಿಕೆ ಗೋಣಿಯ ಮೇಲೆ ನಿದ್ದೆ ಹೋಗಿದ್ದ. ಪೆಟ್ರಿನ್ ಗುಡ್ಡದ ಮೇಲೆ ಕೋಪಲ್ ಕಲಿತದ್ದೂ ಇದನ್ನೇ, ಇದಕ್ಕಿಂತ ಬೇರೆ ಏನಲ್ಲ.

ಹೊಸೂರಿನವರು ಡಿಸೆಂಬರ್, ಜನವರಿ ಸಂಜೆ ಉತ್ತರಕ್ಕೆ ತಿರುಗಿ. ಕುಂತಿ ಪುಂಜ, ಅಂದರೆ ಕ್ಯಾಸಿಯೋಪಿಯ, ತಲೆಕೆಳಗಾದ ಇಂಗ್ಲಿಷ್ 'ಡಬ್ಲ್ಯೂ' ತರ ಕಾಣುತ್ತದೆ. ಅದರ ಬಲಕ್ಕೆ, ಮೇಲಕ್ಕೆ ಪಾರ್ಥ. ಅದರಲ್ಲಿ ಎರಡನೆಯ ಪ್ರಕಾಶದ್ದು ಆಲ್ಗಾಲ್. ಮಂಕಾದಾಗ ಬೆಳಕು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಗೊತ್ತಾಗದೆ ಇರುವುದಿಲ್ಲ. ಸಮಯ ಈಗ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಅದು ಗ್ರೀನಿಚ್‌ನದ್ದೋ ನಮ್ಮದೋ ನೋಡಿಕೊಳ್ಳಿ. ನನ್ನ ಹಳೆಯ ಪಂಚಾಂಗದ ಆ ಪುಟದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ '+5.30' ಎಂದು ಬರೆದಿದೆ. ಅಕ್ಷರ ನನ್ನದಲ್ಲ, ಆ ಹುಡುಗಿಯದ್ದು.